ಎರಡು ಕೈಯ ಮರ್ಯಾದೆ

ಮೊನ್ನೆ ಬೆಂಗಳೂರಿನಿಂದ ಅಣ್ಣನ ಮಗಳು ಬಂದಿದ್ದಳು. ಕಂಪನಿಯವರು ಎರಡು ದಿನ ತರಬೇತಿ ಕೊಟ್ಟರಂತೆ. ಜಪಾನಿನವರಿಗೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ಅವರು ಕೊಟ್ಟದ್ದನ್ನು ಓದದೆ ಜೇಬಿಗೆ ಇಳಿಸಬಾರದು, ಜರ್ಮನಿಯವರನ್ನು ಕಾಯಿಸಬಾರದು. ಇದಕ್ಕೆ ‘ಸಾಂಸ್ಕೃತಿಕ ಬುದ್ಧಿಮತ್ತೆ’ ಎಂದು ಹೆಸರು. ಅರ್ಲಿ ಮತ್ತು ಸೂನ್ ಆಂಗ್ ಎಂಬ ವಿದ್ವಾಂಸರು 2003ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಒಳ್ಳೆಯದೇ. ಆದರೆ ಅದೇ ಹುಡುಗಿ ರಾತ್ರಿ ಊಟಕ್ಕೆ ಕೂತಾಗ, “ನಮ್ಮ ವಾಚ್‌ಮನ್ ಕಲಬುರಗಿ ಕಡೆಯವನು ಅತ್ತೆ, ಅವನ ಕನ್ನಡ ಕೇಳಬೇಕು ನೀವು!” ಎಂದು ಅಣಕಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಬೈಯುವ ಯೋಗ್ಯತೆಯೂ ನನಗಿರಲಿಲ್ಲ.

ನಾನು ಮಂಡ್ಯ ಕಡೆಯವಳು. 1997ರಲ್ಲಿ ನನ್ನ ಮೊದಲ ನೇಮಕ, ಆಗ ಗುಲ್ಬರ್ಗ ಎನ್ನುತ್ತಿದ್ದ ಜಿಲ್ಲೆಯ ಒಂದು ಪ್ರೌಢಶಾಲೆಗೆ. ಮಕ್ಕಳು ‘ಅಕ್ಕೋರ’ ಎಂದರೆ, “ನಾನೇನು ನಿಮ್ಮಕ್ಕನೇ? ಮಿಸ್ ಅನ್ನಿ” ಎಂದು ಗದರುತ್ತಿದ್ದೆ. ಅದು ಅಲ್ಲಿ ಶಿಕ್ಷಕಿಗೆ ಕೊಡುವ ಮರ್ಯಾದೆ ಎಂದು ತಿಳಿಯಲು ನನಗೆ ವರ್ಷ ಬೇಕಾಯಿತು.

ತಾಂಡಾದಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ಮನೆಯಲ್ಲಿ ಲಂಬಾಣಿ, ಊರಲ್ಲಿ ಉರ್ದು ಬೆರೆತ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ನನ್ನ ಬಾಯಲ್ಲಿ ಮತ್ತೊಂದು. ಇಷ್ಟನ್ನೂ ದಾಟಿ ಉತ್ತರ ಹೇಳುವಾಗ ತಡವರಿಸುತ್ತಿದ್ದಳು. ತರಗತಿಯ ಮುಂದೆ ‘ದಡ್ಡಿ’ ಎಂದೆ. ದೀಪಾವಳಿಗೆ ನಾಲ್ಕು ದಿನ ಬರಲಿಲ್ಲ. ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ‘ಮೇರಾ’ ಹಾಡುವ ಹಬ್ಬ ಅದು. ನಾನು ಕಾರಣ ಕೇಳದೆ ಹೊರಗೆ ನಿಲ್ಲಿಸಿದೆ. ಮರುದಿನದಿಂದ ಅವಳು ಬರಲೇ ಇಲ್ಲ. ಮನೆಯವರೊಂದಿಗೆ ದುಡಿಯಲು ಪುಣೆಗೆ ಹೋದಳೆಂದು ಆಮೇಲೆ ತಿಳಿಯಿತು. ಇಷ್ಟು ಮಾತುಗಳ ನಡುವೆ ಬದುಕಿದವಳು ಅವಳು, ಒಂದೇ ಜಿಲ್ಲೆಯ ಕನ್ನಡ ಬಲ್ಲವಳು ನಾನು. ದಡ್ಡಿ ಯಾರು?

ದುಡ್ಡು ಬರುವ ಕಡೆ ಇದ್ದರೆ ಅದು ‘ಸಂಸ್ಕೃತಿ’, ಕಲಿಯಲು ತರಬೇತಿ. ದುಡ್ಡಿಲ್ಲದವರಲ್ಲಿದ್ದರೆ ಅದು ‘ಹಳ್ಳಿಗುಗ್ಗುತನ’, ತಿದ್ದಲು ಬೈಗುಳ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇದಕ್ಕೇ ಅಲ್ಲವೇ?

“ಅವರೇ ನಮ್ಮ ಹಾಗೆ ಮಾತಾಡಲು ಕಲಿಯಲಿ” ಎನ್ನುವವರಿದ್ದಾರೆ. ಅವರು ಕಲಿಯುತ್ತಲೇ ಇದ್ದಾರೆ, ಹೊಟ್ಟೆಪಾಡು ಕಲಿಸುತ್ತದೆ. ಆದರೆ ಸಂಬಳ ಪಡೆಯುವವರು ನಾವು, ಮೊದಲ ಹೆಜ್ಜೆ ನಮ್ಮದಾಗಬೇಕು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಬಿ.ಎಡ್.ನಲ್ಲಿ ನಾನು ಮನೋವಿಜ್ಞಾನ ಓದಿದೆ. ನಾನು ಹೋಗುವ ಊರಿನ ಮಗು ತಾಯಿಯನ್ನು ‘ಯಾಡಿ’ ಎನ್ನುತ್ತದೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ನೇಮಕದ ಆದೇಶದ ಜೊತೆಗೇ ಆ ಊರಿನ ಮಾತು, ಹಬ್ಬ, ಗುಳೆ ಹೋಗುವ ಕಾಲ ಇವುಗಳ ಪಾಠ ಹದಿನೈದು ದಿನವಾದರೂ ಆಗಲಿ. ಶಿಕ್ಷಕಿಗಷ್ಟೇ ಅಲ್ಲ, ಆಸ್ಪತ್ರೆಯ ನರ್ಸಿಗೆ, ಬ್ಯಾಂಕಿನ ಕೌಂಟರಿನವರಿಗೆ, ತಾಲ್ಲೂಕು ಕಚೇರಿಯ ಗುಮಾಸ್ತರಿಗೂ ಆಗಲಿ. ಕಲಿಸಲು ಪರದೇಶದ ಪಂಡಿತರು ಬೇಡ, ತಾಂಡಾದ ಅಜ್ಜಿಯೊಬ್ಬಳನ್ನು ಕರೆದು ಕುರ್ಚಿ ಹಾಕಿ ಕೂರಿಸಿ.

ಹೊರಡುವಾಗ ಅಣ್ಣನ ಮಗಳನ್ನು ಕೇಳಿದೆ, “ಆ ವಾಚ್‌ಮನ್ ಹೆಸರೇನಮ್ಮ?” ಅವಳಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಫೋನ್ ಮಾಡು ಎಂದಿದ್ದೇನೆ. ಇನ್ನೂ ಮಾಡಿಲ್ಲ.