ಹೊಲ ಒಂದೇ, ಕಾಗದ ಹಲವು

ಸೊಲ್ಲಾಪುರ ಜಿಲ್ಲೆಯ ವಳಸಂಗದ ರೈತನ ಹೊಲ ಒಂದೇ. ಸರ್ಕಾರಕ್ಕೆ ಅದು ಕಾಣುವುದು ಹಲವು ಕಾಗದಗಳಲ್ಲಿ. ಊರಿನ ಕಂದಾಯ ಲೆಕ್ಕ ನೋಡುವ ತಲಾಠಿಯ ಬಳಿ ಹೊಲದ ಹಕ್ಕು, ಬೆಳೆ ತೋರಿಸುವ ಸಾತ್‌ಬಾರಾ ಉತಾರಾ ಇದೆ, ಒಬ್ಬ ಖಾತೆದಾರನ ಜಮೀನೆಲ್ಲ ಕೂಡಿಸಿ ತೋರಿಸುವ ಎಂಟು-ಅ ಇದೆ, ಹಕ್ಕು ಕೈಬದಲಾದದ್ದನ್ನು ಬರೆಯುವ ಫೇರ್‌ಫಾರ್ ಇದೆ. ಕ್ಷೇತ್ರ, ಕಂದಾಯ ಬರೆದ ಆಕಾರಬಂಧ ಮತ್ತು ನಕಾಶೆ ಭೂಮಾಪನದವರ ಕಚೇರಿಯಲ್ಲಿ. ಅಣ್ಣತಮ್ಮಂದಿರು ಪಾಲಾದಾಗ ಫೇರ್‌ಫಾರ್ ಮಂಜೂರಾಗಿ ಸಾತ್‌ಬಾರಾ ಬದಲಾಗುತ್ತದೆ. ನಕಾಶೆಯಲ್ಲಿ ಹೊಸ ಗೆರೆ ಬೀಳದೆಯೇ ಉಳಿದುಬಿಡಬಹುದು. ಮುಂದೆ ಸಾಲಕ್ಕೋ ಮಾರಾಟಕ್ಕೋ ಹೋದಾಗ ಒಂದೇ ಹೊಲಕ್ಕೆ ಎರಡು ಅಳತೆ. ಯಾವುದು ಖರೆ ಎಂದು ರುಜುವಾತು ಮಾಡುತ್ತ ಅಲೆಯಬೇಕಾದವನು ರೈತ.

ಅಕ್ಕಲಕೋಟೆ, ಸೊಲ್ಲಾಪುರ, ವಳಸಂಗದ ಕಡೆಯಿಂದ ಹೋಗಿ ಪುಣೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಟ್ಟುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಕೆಲಸಕ್ಕೂ ಹೀಗೇ ಹಲವು ನೋಟಗಳಿವೆ: ಬೇಡಿಕೆಪಟ್ಟಿ, ಕ್ಲಾಸ್ ಚಿತ್ರ, ಡೇಟಾಬೇಸ್, ಪರದೆ, ಕೋಡ್. ಒಂದೇ ಚಿತ್ರದಲ್ಲಿ ಇಡೀ ವ್ಯವಸ್ಥೆ ಹಿಡಿಯದೆಂದು ಫಿಲಿಪ್ ಕ್ರುಕ್ಟೆನ್ 1995ರಲ್ಲಿ ನಾಲ್ಕು ನೋಟಗಳನ್ನೂ ಅವನ್ನು ಬೆಸೆಯುವ ಬಳಕೆಯ ಸನ್ನಿವೇಶಗಳನ್ನೂ ಮುಂದಿಟ್ಟರು. ನೋಟಗಳು ಹಲವಿರಲಿ, ಇರಲೇಬೇಕು. ಒಂದನ್ನು ತಿದ್ದಿ ಉಳಿದವನ್ನು ಹಳೆಯ ಸುಳ್ಳಿನಲ್ಲೇ ಬಿಟ್ಟು ಎದ್ದುಹೋಗುವುದು ಅನ್ಯಾಯ. ‘ರಿಲೀಸ್ ಆಗಲಿ, ಆಮೇಲೆ ನೋಡೋಣ’ ಅನ್ನುತ್ತೀರಿ. ಆ ಆಮೇಲೆ ಬರುವುದೇ ಇಲ್ಲ. ಹೀಗೆ ದಾಖಲೆ, ಕೋಡ್ ತಾಳೆಯಾಗದೆಯೇ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಕಳೆದುಹೋಯಿತು. ಭೂಮಿಯ ಮೇಲಿನ ಸಾಫ್ಟ್‌ವೇರ್ ಲೆಕ್ಕವನ್ನು ನ್ಯೂಟನ್-ಸೆಕೆಂಡ್‌ನಲ್ಲಿ ಕೊಡಬೇಕೆಂದು ಇಂಟರ್‌ಫೇಸ್ ದಾಖಲೆ ಹೇಳುತ್ತಿತ್ತು, ಕೋಡ್ ಪೌಂಡ್-ಸೆಕೆಂಡ್‌ನಲ್ಲಿ ಕೊಡುತ್ತಿತ್ತು.

ಕೈಬರಹದ ಸಾತ್‌ಬಾರಾ ಕಂಪ್ಯೂಟರಿಗೆ ಏರಿದಾಗಲೂ ಎರಡು ಪ್ರತಿ ಎಲ್ಲೆಡೆ ತಾಳೆಯಾಗಲಿಲ್ಲ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಚಾವಡಿ ವಾಚನ ನಡೆಸಿತು: ಕಂಪ್ಯೂಟರಿನ ಉತಾರಾವನ್ನು ಊರವರ ಎದುರು ಓದಿ, ಅವರ ತಕರಾರು ಕೇಳಿ ತಿದ್ದುವುದು. 2018ರ ಮೇ 1ರಂದು ಡಿಜಿಟಲ್ ಸಹಿಯ ಉತಾರಾ ಬಂತು. ಆ ಚಾವಡಿ ವಾಚನದ ಬಗ್ಗೆ ನನಗೆ ದೊಡ್ಡ ಗೌರವ. ಎರಡು ನೋಟ ಜಗಳವಾಡಿದಾಗ ಯಾವುದು ನಿಜವೆಂದು ಯಂತ್ರಕ್ಕೆ ಗೊತ್ತಿಲ್ಲ, ಹೊಲದವನಿಗೆ ಗೊತ್ತು. ‘ಕೊನೆಗೆ ತಿದ್ದಿದ್ದೇ ನಿಜ’ ಎಂಬ ನಿಯಮ ಬರೆದು ಮಿಕ್ಕದ್ದನ್ನು ಸದ್ದಿಲ್ಲದೆ ಅಳಿಸುವ ಟೂಲ್ ತಾಳೆ ಮಾಡುವುದಿಲ್ಲ, ಸಾಕ್ಷಿಯನ್ನೇ ಕೊಲ್ಲುತ್ತದೆ. ಅದೂ ಅಲ್ಲದೆ ನಮ್ಮ ಕಡೆ ಮನೆಮಾತು ಕನ್ನಡ, ದಾಖಲೆ ಮರಾಠಿ. ಕನ್ನಡ ಶಾಲೆ ಕಲಿತ ಹಿರಿಯರು ಕಾಗದದ ತಪ್ಪನ್ನು ತಾವೇ ಓದಿ ಹಿಡಿಯುವುದು ಕಷ್ಟ. ಅವರ ಪಾಲಿನ ಎಚ್ಚರವನ್ನೂ ನೀವೇ ಹೊರಬೇಕು.

ಕೆಲಸ ನಡೆಯುವಾಗ ನೋಟಗಳು ಕೆಲದಿನ ತಾಳ ತಪ್ಪುತ್ತವೆ. ಅದು ಸಹಜ, ಅದಕ್ಕೆ ಹೆದರಬೇಡಿ. ಮುಚ್ಚಿಡಬೇಡಿ, ಅಷ್ಟೆ. ಎಲ್ಲಿ ತಪ್ಪಿದೆ, ಯಾರು ಸರಿಮಾಡಬೇಕು, ಯಾವ ತಾರೀಖಿನೊಳಗೆ ಎಂದು ಎಲ್ಲರಿಗೂ ಕಾಣುವಂತೆ ಬರೆದಿಡಿ. ಯಾವ ನೋಟದ ಯಾವ ಸಾಲು ಇನ್ನೊಂದರ ಯಾವ ಸಾಲಿಗೆ ಹೊಂದಬೇಕೆಂಬ ನಿಯಮವನ್ನು ತಲೆಯಲ್ಲಿಟ್ಟುಕೊಳ್ಳದೆ ಪರೀಕ್ಷೆಯಾಗಿ ಬರೆಯಿರಿ. ಪ್ರತಿ ಬದಲಾವಣೆಗೂ ಅದು ಓಡಲಿ, ತಾಳೆಯಾಗದಿದ್ದರೆ ತಡೆಯಲಿ. ಮ್ಯಾನೇಜರ್ ಅವಸರ ಮಾಡಿದರೆ ಇನ್ನೆರಡು ದಿನ ಬೇಕೆಂದು ಎದ್ದುನಿಂತು ಕೇಳಿ. ಊರಿನ ಕಾಗದಕ್ಕೂ ಇದೇ ಬೇಕು: ಪಾಲಿನ ಫೇರ್‌ಫಾರ್ ದಾಖಲಾದ ದಿನವೇ ನಕಾಶೆಯಲ್ಲಿ ಗೆರೆ ಬಾಕಿಯಿದೆಯೆಂದು ತಲಾಠಿ, ಭೂಮಾಪನದ ಅಧಿಕಾರಿ ಇಬ್ಬರಿಗೂ ತೋರಿಸುವ ಪರದೆಯನ್ನು ನಿಮ್ಮಲ್ಲೊಬ್ಬರು ಕಟ್ಟಿಕೊಡಿ.