ಹಳೆಯ ಗಾಡಿಗೆ ಹಾರ, ದುಡಿಯುವ ಗಾಡಿಗೆ ದಂಡ

ನಮ್ಮ ಮುಂಬಯಿಯ ಸುಶಿಕ್ಷಿತ ತರುಣರಲ್ಲಿ ಈಚೆಗೆ ಹೊಸದೊಂದು ಹವ್ಯಾಸವನ್ನು ಕಾಣುತ್ತಿದ್ದೇನೆ. ಹಕ್ಕಿಗಳನ್ನು ಗುರುತಿಸಲು ಕಾಡಿಗೆ ಹೋಗುವವರಂತೆ ಇವರು ಹಳೆಯ ಕಾಲದ ಗಾಡಿಗಳ ಮೇಲೆ ನಡೆಯುವ ಕಾಫಿ ಅಂಗಡಿಗಳನ್ನೂ ಸಂಚಾರಿ ಪಾನಗೃಹಗಳನ್ನೂ ಅರಸುತ್ತ ಊರು ಸುತ್ತುತ್ತಾರೆ. ಕಂಡಲ್ಲಿ ನಿಂತು ಚಿತ್ರ ತೆಗೆಯುತ್ತಾರೆ. ಗಾಡಿ ಯಾವ ದೇಶದ್ದು, ಯಾವ ವರ್ಷದ್ದು, ಬಣ್ಣ ಮೂಲದ್ದೋ ಹೊಸದಾಗಿ ಬಳಿದದ್ದೋ ಎಂದು ಚರ್ಚಿಸುತ್ತಾರೆ. ಇವುಗಳಿಗೆ ಅವರಿಟ್ಟ ಹೆಸರು 'ವಿಂಟೇಜ್'. ಲಂಡನ್ನಿನಂಥ ನಗರಗಳಿಂದ ಬಂದ ಈ ಅಭಿರುಚಿಯನ್ನು ಹೀಗಳೆಯುವ ಹಠ ನನಗಿಲ್ಲ. ಹಳೆಯ ವಸ್ತುವಿನ ಚೆಲುವನ್ನು ಮೆಚ್ಚುವುದು ಸಂಸ್ಕಾರದ ಲಕ್ಷಣವೇ ಸರಿ. ಆದರೆ ಗಾಡಿಯನ್ನು ಮೆಚ್ಚುವ ಕಣ್ಣಿಗೆ ಗಾಡಿಯ ಹಿಂದೆ ನಿಂತ ಮನುಷ್ಯ ಕಾಣದೆ ಹೋದರೆ ಅದು ಬರಿಯ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ನ್ಯಾಯದ ಪ್ರಶ್ನೆಯಾಗುತ್ತದೆ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಾದ ನಮಗೆ ಈ ಪ್ರಶ್ನೆಯಿಂದ ನುಣುಚಿಕೊಳ್ಳುವ ಅಧಿಕಾರ ಉಳಿದವರಿಗಿಂತ ಕಡಿಮೆ.

ಮೊದಲು ಆ ಗಾಡಿಗಳ ಹುಟ್ಟನ್ನೇ ನೋಡೋಣ. ಲಂಡನ್ನಿನ ಸಂತೆಗಳಲ್ಲಿ, ಮದುವೆಯ ಹುಲ್ಲುಹಾಸುಗಳಲ್ಲಿ ಇಂದು ಕಾಫಿಯನ್ನೂ ದ್ರಾಕ್ಷಾಮದ್ಯವನ್ನೂ ಒದಗಿಸುವ ಪುಟ್ಟ ತ್ರಿಚಕ್ರ ಗಾಡಿ ಹೆಚ್ಚಾಗಿ ಇಟಲಿಯ ಪಿಯಾಜಿಯೊ ಕಂಪನಿಯ 'ಆಪೆ'. ಇಟಲಿಯ ನುಡಿಯಲ್ಲಿ ಹಾಗೆಂದರೆ ಜೇನುನೊಣ. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಆ ದೇಶದಲ್ಲಿ, ಲಾರಿ ಕೊಳ್ಳುವ ಶಕ್ತಿಯಿಲ್ಲದ ಸಣ್ಣ ವ್ಯಾಪಾರಿಗೆಂದು ಇದನ್ನು ರೂಪಿಸಿದವನು ವೆಸ್ಪಾ ಸ್ಕೂಟರಿನ ಜನಕನಾದ ಕೊರಾಡಿನೊ ದಾಸ್ಕಾನಿಯೊ. 1948ರಲ್ಲಿ ಅದು ಮಾರುಕಟ್ಟೆಗೆ ಬಂತು. ಹವ್ಯಾಸಿಗಳ ಇನ್ನೊಂದು ಆರಾಧ್ಯ ವಸ್ತು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ 'ಎಚ್' ವ್ಯಾನು. 1947ರಿಂದ 1981ರವರೆಗೆ ತಯಾರಾದ, ಸುಕ್ಕುಗಟ್ಟಿದ ತಗಡಿನ ಮೈಯ ಆ ವಾಹನವೂ ತರಕಾರಿ, ಮಾಂಸ, ರೊಟ್ಟಿ ಸಾಗಿಸುತ್ತಿದ್ದ ದುಡಿಮೆಯ ಬಂಡಿಯೇ. ಎರಡೂ ಅರಮನೆಯ ಲಾಯದಲ್ಲಿ ಹುಟ್ಟಿದವಲ್ಲ, ಬಡತನದ ಅಂಗಳದಲ್ಲಿ ಹುಟ್ಟಿದವು.

ಈ ಆಪೆ ನಮಗೂ ಪರಕೀಯವಲ್ಲ. 1959ರಲ್ಲಿ ಬಜಾಜ್ ಕಂಪನಿ ಸ್ಕೂಟರು ಮತ್ತು ತ್ರಿಚಕ್ರ ವಾಹನಗಳ ತಯಾರಿಕೆಗೆ ಭಾರತ ಸರಕಾರದ ಪರವಾನಗಿ ಪಡೆದು, ಪಿಯಾಜಿಯೊದ ಸಹಯೋಗದಿಂದ ಕೆಲಸ ಆರಂಭಿಸಿತು. ನಾವು ದಿನವೂ ಏರಿಳಿಯುವ ರಿಕ್ಷಾ ಅದೇ ಆಪೆಯ ವಂಶದ್ದು. ಇಟಲಿಯ ಪೊಂಟೆಡೇರಾದಲ್ಲಿ ಚಿಕ್ಕ ಆಪೆಯ ತಯಾರಿಕೆ 2024ರ ಕೊನೆಗೆ ನಿಂತಿತು. ನಮ್ಮ ಬಾರಾಮತಿಯ ಕಾರ್ಖಾನೆಯಿಂದ ಅದರ ಸೋದರ ಗಾಡಿಗಳು ಈಗಲೂ ಹೊರಬಿದ್ದು ಈರುಳ್ಳಿ, ಸಿಮೆಂಟು, ಗ್ಯಾಸ್ ಸಿಲಿಂಡರುಗಳನ್ನು ಹೊರುತ್ತಿವೆ. ಅಲ್ಲಿ ನೆನಪಿನ ವಸ್ತುವಾದದ್ದು ಇಲ್ಲಿ ಇನ್ನೂ ಬಾಡಿಗೆ ದುಡಿಯುತ್ತಿದೆ. ದುಡಿಯುವಾಗ ಅದಕ್ಕೆ ಯಾರೂ ಹಾರ ಹಾಕುವುದಿಲ್ಲ. ಚೌಕದಲ್ಲಿ ಸಂಚಾರಕ್ಕೆ ಅಡ್ಡವೆಂದು ಬೈಯುತ್ತಾರೆ. ದುಡಿಮೆ ನಿಂತು, ಹಿತ್ತಾಳೆಯ ಪಟ್ಟಿ ಹೊಡೆಸಿಕೊಂಡು, ಹುಲ್ಲುಹಾಸಿನ ಮೇಲೆ ನಿಂತಿತೋ, ಕೂಡಲೇ ಅದು 'ವಿಂಟೇಜ್'!

ಮುಂಬಯಿಯ ನಿಜವಾದ ಸಂಚಾರಿ ಕಾಫಿ ಅಂಗಡಿ ಯಾವುದು? ನಡುರಾತ್ರಿ ಮರೀನ್ ಡ್ರೈವಿನಲ್ಲೋ, ದೊಡ್ಡ ಆಸ್ಪತ್ರೆಯೊಂದರ ಹೊರಗೋ ಕೊಂಚ ಹೊತ್ತು ನಿಂತು ನೋಡಿ. ಸೈಕಲ್ಲಿನ ಹಿಂದೆ ಸ್ಟೀಲಿನ ಡಬ್ಬ ಕಟ್ಟಿಕೊಂಡು, ಹ್ಯಾಂಡಲಿಗೆ ಲೋಟಗಳ ಚೀಲ ತೂಗುಹಾಕಿಕೊಂಡು ಚಾ-ಕಾಫಿ ಮಾರುವವನು ಬರುತ್ತಾನೆ. ಪಾಳಿ ಮುಗಿಸಿದ ದಾದಿ, ರೋಗಿಯ ಬಂಧು, ಟ್ಯಾಕ್ಸಿಯವನು, ಕಾವಲಿನ ಪೊಲೀಸ್ ಪೇದೆ, ಇವರೆಲ್ಲರ ರಾತ್ರಿಗೆ ಅವನೇ ಆಧಾರ. ಬೆಳಗಾದರೆ ಅದೇ ಹಾದಿಯಲ್ಲಿ ಇಡ್ಲಿಯ ಪಾತ್ರೆ ಹೊತ್ತ ಇನ್ನೊಂದು ಸೈಕಲು. ನಾನು ಈ ನಗರದಲ್ಲಿ ಕಳೆದ ದಶಕಗಳುದ್ದಕ್ಕೂ ಈ ಸೈಕಲುಗಳನ್ನು ಕಂಡಿದ್ದೇನೆ. ಹವ್ಯಾಸಿಗಳ ಟಿಪ್ಪಣಿಯಲ್ಲಿ ಮಾತ್ರ ಇವು ಬಂದದ್ದನ್ನು ಕಂಡಿಲ್ಲ. ಕಾರಣ ಸರಳ: ಇವು ಇನ್ನೂ ಸತ್ತಿಲ್ಲ.

ಸಂಚಾರಿ ಪಾನಗೃಹದ ಕಥೆ ಇನ್ನಷ್ಟು ವಿಚಿತ್ರ. 1949ರ ಮುಂಬಯಿ ಪಾನನಿರೋಧ ಕಾಯಿದೆ, ಹೆಸರು ಬದಲಾದರೂ, ಈಗಲೂ ಜೀವಂತವಾಗಿದೆ. ಆದರೂ ಸಮಾರಂಭಕ್ಕೆ ಮದ್ಯ ಬೇಕಾದವರು ಶುಲ್ಕ ಕಟ್ಟಿ ಒಂದು ದಿನದ ಪರವಾನಗಿ ಪಡೆಯಬಹುದು. ಮದುವೆಯ ಹುಲ್ಲುಹಾಸಿನ ಮೇಲೆ ಅಲಂಕೃತ ಗಾಡಿಯಿಂದ ಮದ್ಯ ಹಂಚಲು ಒಂದು ದಿನದ ಕಾಗದ ಸಿಗುವ ಊರಿನಲ್ಲಿ, ಬೀದಿಯಲ್ಲಿ ಕಾಫಿ ಮಾರುವವನು ಜೀವಮಾನವಿಡೀ ಅಲೆದರೂ ಕಾಗದ ಸಿಗದು ಎಂದರೆ ಇದನ್ನು ಏನೆಂದು ಕರೆಯೋಣ?

ಆ ಕಾಯಿದೆ ಸಡಿಲಗೊಂಡ ಕಾಲದಲ್ಲಿ ಹುಟ್ಟಿಕೊಂಡದ್ದೇ 'ಪರ್ಮಿಟ್ ರೂಮ್'. ಮಂದ ಬೆಳಕಿನ ಆ ಕೋಣೆಗಳನ್ನು ನಡೆಸಿದವರಲ್ಲಿ ನಮ್ಮ ತುಳು-ಕನ್ನಡಿಗರು ಎಷ್ಟು ಮಂದಿಯೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಅಲ್ಲಿ ದುಡಿಯುವುದು ಆಗ ಗೌರವದ ಮಾತಾಗಿರಲಿಲ್ಲ. ಹೆಣ್ಣು ಕೊಡುವವರು ಕೂಡ ಹಿಂದೆಮುಂದೆ ನೋಡುತ್ತಿದ್ದರು. ಈಗ ನೋಡಿ: ಮುಂಬಯಿಯ ಇರಾನಿ ಹೋಟೆಲುಗಳ ನೆನಪನ್ನು ಬಂಡವಾಳ ಮಾಡಿಕೊಂಡು 2010ರಲ್ಲಿ ಲಂಡನ್ನಿನಲ್ಲಿ ತೆರೆದ 'ದಿಶೂಮ್' ಸಂಸ್ಥೆ, 2023ರಲ್ಲಿ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ 'ಪರ್ಮಿಟ್ ರೂಮ್' ಎಂಬ ಹೆಸರಿನಲ್ಲೇ ಪಾನಗೃಹ ತೆರೆಯಿತು. ವ್ಯಾಪಾರ ಮಾಡುವುದು ಅವರ ಹಕ್ಕು, ನನ್ನ ತಕರಾರಿಲ್ಲ. ನನಗೆ ಕಾಣುವುದು ಇಷ್ಟು: ಒಂದು ವೃತ್ತಿ ಬಡವರ ಕೈಯಲ್ಲಿರುವ ತನಕ ಅದು ಕೊಳಕು, ಆ ಕೈಗಳು ದೂರವಾದ ಮೇಲೆ ಅದು ಪರಂಪರೆ.

ಈಗ ಕಾನೂನಿನ ಮಾತು. ಕಾನೂನು ಬಡವರ ವಿರುದ್ಧವಿದೆ ಎಂಬುದು ತಪ್ಪು ತಿಳಿವಳಿಕೆ. ಮುಂಬಯಿಯ ಫೇರಿವಾಲರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿಯೇ ವ್ಯಾಪಾರದ ವಲಯಗಳನ್ನು ಗುರುತಿಸುವ ಬಗ್ಗೆ ತೀರ್ಪಿತ್ತಿತು. 1989ರಲ್ಲಿ ದಿಲ್ಲಿಯ ಸೋದಾನ್ ಸಿಂಗ್ ಪ್ರಕರಣದಲ್ಲಿ, ಬೀದಿ ವ್ಯಾಪಾರವು ಸಂವಿಧಾನದ 19ನೆಯ ವಿಧಿ ಕೊಟ್ಟ ವೃತ್ತಿಸ್ವಾತಂತ್ರ್ಯದೊಳಗೆ ಬರುತ್ತದೆ, ಆದರೆ ಅದು ಸೂಕ್ತ ನಿರ್ಬಂಧಗಳಿಗೆ ಒಳಪಟ್ಟದ್ದು ಎಂದಿತು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯಿದೆಯನ್ನೇ ಮಾಡಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು. ನಗರದ ಜನಸಂಖ್ಯೆಯ ಶೇಕಡಾ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಅವಕಾಶ ಕಲ್ಪಿಸಬೇಕು. ನಗರ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ಅವರ ಚುನಾಯಿತ ಪ್ರತಿನಿಧಿಗಳಿರಬೇಕು. ಜಪ್ತಿ ಮಾಡಿದ ವಸ್ತು ಕೆಡುವಂಥದಾದರೆ ಕೇಳಿದ ದಿನವೇ, ಅಲ್ಲವಾದರೆ ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು. ಸ್ಥಳದಿಂದ ಸ್ಥಳಕ್ಕೆ ಚಲಿಸುವ 'ಸಂಚಾರಿ ವ್ಯಾಪಾರಿ'ಯನ್ನೂ ಕಾಯಿದೆ ಹೆಸರಿಸಿ ಗುರುತಿಸಿದೆ.

ನಡೆದದ್ದೇನು? 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನಸಂಖ್ಯೆ ಸುಮಾರು 1 ಕೋಟಿ 24 ಲಕ್ಷ. ಅದರ ಶೇಕಡಾ 2.5 ಎಂದರೆ 3 ಲಕ್ಷಕ್ಕೂ ಮೇಲೆ. 2014ರ ಸಮೀಕ್ಷೆಯಲ್ಲಿ ಬಂದ ಅರ್ಜಿಗಳು ಸುಮಾರು 99 ಸಾವಿರ. ಕಾಯಿದೆ ಬಂದು ಹತ್ತು ವರ್ಷಗಳ ಮೇಲೆ, 2024ರ ಆಗಸ್ಟಿನಲ್ಲಿ, ಸಮಿತಿಗೆ ಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿ ಉಳಿದವರು 32 ಸಾವಿರ ಚಿಲ್ಲರೆ. ಪಟ್ಟಿಯ ಹೊರಗುಳಿದವನು ಮಾಯವಾಗುವುದಿಲ್ಲ. ಅವನು ಅದೇ ಬೀದಿಯಲ್ಲಿದ್ದಾನೆ, ಕಾಗದವಿಲ್ಲದೆ ಇದ್ದಾನೆ. ಕಾಗದವಿಲ್ಲದವನು ಹಫ್ತಾ ಕೊಡಲೇಬೇಕು. ಹಫ್ತಾ ಕೊಟ್ಟರೂ ಜಪ್ತಿಯ ವಾಹನ ಕಂಡೊಡನೆ ಸೈಕಲ್ಲು ಹಿಡಿದು ಓಡಲೇಬೇಕು.

ಎದುರು ಪಕ್ಷದ ವಾದಗಳನ್ನು ನಾನು ಕೇಳದೆ ಇಲ್ಲ. ಮೊದಲನೆಯದು ಜಾಗದ್ದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ 23 ಮಂದಿ ಸತ್ತರು. ಮುಂದೆ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ರೈಲು ನಿಲ್ದಾಣಗಳಿಂದ 150 ಮೀಟರುಗಳೊಳಗೆ ಬೀದಿ ವ್ಯಾಪಾರ ಕೂಡದೆಂದಿತು. ಜನ ನಡೆಯಲು ದಾರಿ ಬೇಕು ಎಂಬುದನ್ನು ಯಾವ ವಿವೇಕಿಯೂ ಅಲ್ಲಗಳೆಯಲಾರ. ಆದರೆ ಎಲ್ಲಿ ಕೂಡದು ಎಂಬ ಅರ್ಧವನ್ನು ತ್ವರೆಯಿಂದ ಜಾರಿ ಮಾಡಿ, ಎಲ್ಲಿ ಕೂಡುವುದು ಎಂಬ ಉಳಿದರ್ಧವನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ ಅದು ಕಾನೂನಿನ ಪಾಲನೆಯಲ್ಲ. ಅಲ್ಲದೆ, ಕಾಲುದಾರಿಯ ಮೇಲೆ ಕಾರು ನಿಲ್ಲಿಸುವವರ ಬಗ್ಗೆ ಇದೇ ಕಾಳಜಿ ಏಕೆ ಉಕ್ಕುವುದಿಲ್ಲ? ಎರಡನೆಯದು ನೈರ್ಮಲ್ಯದ ವಾದ. ನಲ್ಲಿಯ ನೀರು ಕೊಡದೆ ನೈರ್ಮಲ್ಯ ಕೇಳುವುದು ನ್ಯಾಯವಲ್ಲ. ನೀರು, ಕಸದ ತೊಟ್ಟಿ, ತಪಾಸಣೆ ಇವು ಪರವಾನಗಿಯ ಜತೆಗೆ ಬರುವಂಥವು. ಪರವಾನಗಿ ನಿರಾಕರಿಸಿದವರೇ ಅವುಗಳ ಅಭಾವಕ್ಕೂ ಹೊಣೆ.

ಮೂರನೆಯ ವಾದ ನಮ್ಮವರದೇ. ನಮ್ಮ ಹೋಟೆಲು ಬಂಧುಗಳು ಹೇಳುತ್ತಾರೆ: "ಬಾಡಿಗೆ ನಮ್ಮದು, ತೆರಿಗೆ ನಮ್ಮದು, ಹತ್ತಾರು ಪರವಾನಗಿ ನಮ್ಮದು, ಬಾಗಿಲಲ್ಲೇ ನಿಂತು ವ್ಯಾಪಾರ ಅವನದು." ಈ ನೋವು ಸುಳ್ಳಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ಏನಿರಬೇಕು? ಅವನಿಗೂ ಪರವಾನಗಿ ಕೊಡಿ, ಶುಲ್ಕ ಪಡೆಯಿರಿ, ಜಾಗ ಗೊತ್ತುಮಾಡಿ ಎಂದೇ ಹೊರತು ಅವನ ಪಾತ್ರೆ ಕಿತ್ತುಕೊಳ್ಳಿ ಎಂದಲ್ಲ. ಉಡುಪಿ, ಕುಂದಾಪುರಗಳಿಂದ ಬರಿಗೈಯಲ್ಲಿ ಬಂದು, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರ ಮಕ್ಕಳು ನಾವು. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ತೆರೆದ ಊಟದ ಮನೆಯ ಮುಂದೆ ಇಂದಿಗೂ ಜನ ಸಾಲುಗಟ್ಟುತ್ತಾರೆ. ಅದು ಪರಂಪರೆಯಾದದ್ದು ಗೋಡೆಯ ಹಳತನದಿಂದಲ್ಲ, ಒಲೆ ಆರದೆ ಉಳಿದದ್ದರಿಂದ. ಇಂದು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಮುಂಬಯಿಗೂ ಪುಣೆಗೂ ಕೂಲಿಗೆಂದು ಬರುವವರೂ ಕನ್ನಡಿಗರೇ. ಅಂದು ನಮಗೆ ತೆರೆದಿದ್ದ ಬಾಗಿಲನ್ನು ಇಂದು ಬಂದವರ ಮುಖಕ್ಕೆ ಮುಚ್ಚುವ ನೈತಿಕ ಹಕ್ಕು ನಮಗೆಲ್ಲಿಂದ ಬಂತು?

ಹಳೆಯದನ್ನು ಉಳಿಸುವ ಸರಿಯಾದ ದಾರಿಗೂ ಲಂಡನ್ನಿನಲ್ಲೇ ಉದಾಹರಣೆಯಿದೆ. ಅಲ್ಲಿ 1875ರಲ್ಲಿ ಬಾಡಿಗೆ ಕುದುರೆಗಾಡಿಯವರಿಗಾಗಿ ಒಂದು ನಿಧಿ ಸ್ಥಾಪನೆಯಾಗಿ, 1914ರವರೆಗೆ 61 ಹಸಿರು ಮರದ ಗೂಡುಗಳು ರಸ್ತೆಬದಿಯಲ್ಲಿ ಎದ್ದವು. ಸಾರ್ವಜನಿಕ ರಸ್ತೆಯ ಮೇಲಿರುವುದರಿಂದ ಒಂದು ಕುದುರೆಗಾಡಿಗಿಂತ ದೊಡ್ಡದಾಗಿರಕೂಡದೆಂಬುದು ಅವಕ್ಕಿದ್ದ ನಿಯಮ. ಇಂದು ಉಳಿದಿರುವ 13 ಗೂಡುಗಳೂ ಸಂರಕ್ಷಿತ ಕಟ್ಟಡಗಳು. ಒಳಗೆ ಕುಳಿತು ಉಣ್ಣುವ ಹಕ್ಕು ಈಗಲೂ ಟ್ಯಾಕ್ಸಿ ಚಾಲಕರದು. ಉಳಿದವರು ಕಿಟಕಿಯ ಹೊರಗೆ ನಿಂತು ಚಾ ಕೊಳ್ಳಬೇಕು. ಅಲ್ಲಿ ಉಳಿಸಿದ್ದು ಮರದ ಹಲಗೆಯನ್ನಷ್ಟೇ ಅಲ್ಲ, ದುಡಿಯುವವನ ಹಕ್ಕನ್ನೂ.

ನಮ್ಮ ಕಾಯಿದೆ ಇಷ್ಟಕ್ಕೆ ಹಿಂದುಳಿದಿಲ್ಲ ಎಂಬುದನ್ನು ಹವ್ಯಾಸಿ ಮಿತ್ರರು ಗಮನಿಸಬೇಕು. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಬೀದಿ ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಕೂಡದು ಎಂದು 2014ರ ಕಾಯಿದೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. 'ಪರಂಪರೆ' ಎಂಬ ಪದವನ್ನು ಸಂಸತ್ತು ತಗಡಿಗೂ ಬಣ್ಣಕ್ಕೂ ಕೊಡಲಿಲ್ಲ. ಜಾಗಕ್ಕೆ, ಅಲ್ಲಿ ನಿಂತು ಮಾರುವ ಮನುಷ್ಯನಿಗೆ ಕೊಟ್ಟಿತು.

ಆದ್ದರಿಂದ ನಮ್ಮ ಸಂಘಗಳಿಗೆ ನಾನು ಹೇಳುವುದಿಷ್ಟು. ವಾರ್ಷಿಕೋತ್ಸವದ ಅಂಗಳಕ್ಕೆ ಅಲಂಕೃತ ಗಾಡಿಯನ್ನು ಬಾಡಿಗೆಗೆ ತರುವ ಮೊದಲು, ಅದೇ ಬೀದಿಯಲ್ಲಿ ಕಾಫಿ ಮಾರುವವನನ್ನು ಕರೆದು, ಅವನ ಬೆಲೆ ಅವನಿಗೆ ಕೊಟ್ಟು ಅಂದಿನ ಕಾಫಿಯ ಹೊಣೆ ಒಪ್ಪಿಸಿ. ಅರ್ಜಿ ತುಂಬಲು, ಸಮೀಕ್ಷೆಯಲ್ಲಿ ಹೆಸರು ಸೇರಿಸಲು, ಜಪ್ತಿಯಾದದ್ದನ್ನು ಬಿಡಿಸಲು ವಾರಕ್ಕೊಂದು ಸಂಜೆ ಸಂಘದ ಮೇಜನ್ನು ತೆರೆದಿಡಿ. ನಮ್ಮಲ್ಲಿ ವಕೀಲರಿಗೂ ನಿವೃತ್ತ ಗುಮಾಸ್ತರಿಗೂ ಬರವಿಲ್ಲ. ಹೋಟೆಲು ಬಂಧುಗಳು ಪಾಲಿಕೆಗೆ ಮನವಿ ಕೊಡುವುದಾದರೆ ವ್ಯಾಪಾರ ವಲಯಗಳ ಘೋಷಣೆಗಾಗಿ ಕೊಡಲಿ. ಗಾಡಿ ಹುಡುಕುತ್ತ ಊರು ಸುತ್ತುವ ತರುಣರು ಖಂಡಿತ ಸುತ್ತಲಿ. ಆದರೆ ತಮ್ಮ ಟಿಪ್ಪಣಿಯಲ್ಲಿ ಗಾಡಿಯ ವರ್ಷದ ಜತೆಗೆ, ಇವನ ಬಳಿ ಪ್ರಮಾಣಪತ್ರವಿದೆಯೇ, ಎಷ್ಟು ಬಾರಿ ಜಪ್ತಿಯಾಗಿದೆ ಎಂಬ ಎರಡು ಸಾಲುಗಳನ್ನೂ ಬರೆಯಲಿ. ಅಂಥ ಟಿಪ್ಪಣಿಗಳನ್ನು ಅವರು ಕಳಿಸಿಕೊಟ್ಟರೆ ಈ ಪತ್ರಿಕೆ ಪ್ರಕಟಿಸಬೇಕೆಂದು ಸಂಪಾದಕರಲ್ಲಿ ನನ್ನ ವಿನಂತಿ. ಇದನ್ನು ಮಾಡದೆ ನಾವು ಹಳೆಯ ಗಾಡಿಗಳಿಗೆ ಹಾರ ಹಾಕುತ್ತ ಹೋದರೆ, ಇಂದು ಜಪ್ತಿಯಾಗುತ್ತಿರುವ ಸೈಕಲ್ಲನ್ನು ಐವತ್ತು ವರ್ಷಗಳ ಮೇಲೆ ನಮ್ಮ ಮೊಮ್ಮಕ್ಕಳು ಯಾವುದೋ ಮದುವೆಯ ಹುಲ್ಲುಹಾಸಿನ ಮೇಲೆ ಕಂಡು ಚಿತ್ರ ತೆಗೆದುಕೊಂಡಾರು. ಅದನ್ನು ತುಳಿದವನು ಯಾರೆಂದು ಕೇಳುವವರು ಆಗ ಯಾರೂ ಇರಲಾರರು.