ಗಾಳಿಗೆ ವರ್ಗದ ಲೆಕ್ಕ

ಆಷಾಢ ಬಂತೆಂದರೆ ನಮ್ಮ ಬಸವನಗುಡಿಯಲ್ಲಿ ಗಾಳಿಯದೇ ಮಾತು. ಗಾಂಧಿಬಜಾರಿನ ಹೂವಿನವರ ಪ್ಲಾಸ್ಟಿಕ್ ಹೊದಿಕೆ ಪಟಪಟ ಬಡಿದುಕೊಳ್ಳುತ್ತದೆ, ಮಹಡಿಯ ಮೇಲೆ ಒಣಹಾಕಿದ ಪಂಚೆ ಪಕ್ಕದ ಮನೆಯ ಪಾಲಾಗುತ್ತದೆ. ಬಲವಾದ ಗಾಳಿ ಎಂದರೆ ಇದೇ ಎಂದು ನಾನು ತಿಳಿದಿದ್ದೆ, ಕಳೆದ ಬೇಸಿಗೆ ರಜೆಯವರೆಗೆ.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ, ಅಮೆರಿಕದ ಡೆನ್ವರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವರು 'ಆರ್‌ವಿ' ಎಂಬ ವಾಹನವೊಂದನ್ನು ಬಾಡಿಗೆಗೆ ತಂದರು. ನಮ್ಮ ಮಿನಿ ಬಸ್ಸಿನಷ್ಟು ದೊಡ್ಡದು. ಒಳಗೆ ಒಲೆ, ಮಂಚ, ಬಚ್ಚಲು ಎಲ್ಲ ಉಂಟು. ವಯೋಮಿಂಗ್ ರಾಜ್ಯವನ್ನು ಹಾದು ಸಾಲ್ಟ್ ಲೇಕ್ ಸಿಟಿಗೆ ಒಂದೇ ದಿನದಲ್ಲಿ 800 ಕಿ.ಮೀ.ಗೂ ಹೆಚ್ಚಿನ ಪ್ರಯಾಣ. ರಾತ್ರಿ ಅಲ್ಲಿನ ಕನ್ನಡದವರೊಬ್ಬರ ಮನೆಯಲ್ಲಿ ಊಟಕ್ಕೆ ಕರೆದಿದ್ದರು.

ಷೈಯೆನ್ ಊರಿನಲ್ಲಿ 80ನೇ ಹೆದ್ದಾರಿ ಸೇರುವಾಗಲೇ ತೆಳುವಾಗಿ ಹಿಮ. ಮುಂದಿನ ಷರ್ಮನ್ ಶಿಖರದಲ್ಲಿ ರಸ್ತೆ 2,633 ಮೀಟರ್ ಎತ್ತರಕ್ಕೇರುತ್ತದೆ. ಊಟಿಯ ದೊಡ್ಡಬೆಟ್ಟ ಅದಕ್ಕಿಂತ ನಾಲ್ಕೇ ಮೀಟರ್ ಎತ್ತರ! ಅಲ್ಲಿ ಪಕ್ಕದಿಂದ ಬಂತು ನೋಡಿ ಒಂದು ಹೊಡೆತ. ಇಡೀ ವಾಹನ ಒಂದಡಿ ಪಕ್ಕಕ್ಕೆ ಸರಿಯಿತು. ತಂಗಿಯ ಕೈಲಿದ್ದ ಕಾಫಿ ನನ್ನ ಸ್ವೆಟರಿನ ಮೇಲೆ.

ಲಾರಮಿ ಊರಿನಲ್ಲಿ ಊಟಕ್ಕೆ ನಿಂತೆವು. ಅಲ್ಲಿ ಗಾಳಿ ಗಂಟೆಗೆ 35 ಮೈಲಿ. ಮುಂದಿನ ದಾರಿಯಲ್ಲಿ 65 ಎಂದು ರಸ್ತೆಬದಿಯ ಫಲಕ ಹೇಳುತ್ತಿತ್ತು. ತಂಗಿಯ ಯಜಮಾನರು, "ಏನು ಭಾವ, ಹೋಗೋಣವೇ?" ಎಂದರು. ವಿಜ್ಞಾನದ ಮೇಷ್ಟ್ರನ್ನು ಕೇಳಿದರೆ ಅವನು ಸುಮ್ಮನಿರುತ್ತಾನೆಯೇ? "35 ತಡೆದುಕೊಂಡಿದ್ದೇವೆ, 65 ಎಂದರೆ ಅದರ ಎರಡರಷ್ಟೂ ಇಲ್ಲ. ನಿಧಾನವಾಗಿ ಹೋದರಾಯಿತು," ಎಂದೆ.

ಹದಿನೈದು ವರ್ಷದ ಸೋದರಳಿಯ ತಟ್ಟೆಯಿಂದ ತಲೆಯೆತ್ತಿ, "ಮಾವ, ವೇಗದ ವರ್ಗ ಅಲ್ವಾ? ಹೋದ ವಾರ ನೀವೇ ಹೇಳಿಕೊಟ್ಟಿದ್ದು," ಎಂದ.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಸೂತ್ರ. ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ. ಊಟದ ಆಮಂತ್ರಣವಷ್ಟೇ ತಲೆಯಲ್ಲಿತ್ತು.

ಹುಡುಗ ಕೈ ಒರೆಸುವ ಕಾಗದದ ಮೇಲೆ ಲೆಕ್ಕ ಹಾಕಿದ. ಗಾಳಿಯ ಒತ್ತಡ ಎಂದರೆ ಅದರ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಆ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ತೂಗುವುದು ಸುಮಾರು ಒಂದು ಕಿಲೋ. 65 ಮೈಲಿ ಎಂದರೆ ಸೆಕೆಂಡಿಗೆ 29 ಮೀಟರ್. ಹಾಗಾಗಿ ಚದರ ಮೀಟರಿಗೆ 43 ಕಿಲೋ ಭಾರದಷ್ಟು ತಳ್ಳು. ವಾಹನದ ಪಕ್ಕದ ಗೋಡೆ 20 ಚದರ ಮೀಟರ್. ಒಟ್ಟು ಸುಮಾರು 850 ಕಿಲೋ! 35 ಮೈಲಿಗಾದರೆ ಬರೀ 250. ಎರಡರಷ್ಟೂ ಇಲ್ಲದ ವೇಗಕ್ಕೆ ಮೂರೂವರೆಯಷ್ಟು ಬಲ.

ಇನ್ನು ಹಿಡಿತ. ನಮ್ಮ ವಾಹನ ಸುಮಾರು ಐದು ಟನ್. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಟೈರಿನ ಘರ್ಷಣಾಂಕ ಸುಮಾರು 0.1. ಅಂದರೆ ಪಕ್ಕಕ್ಕೆ ಜಾರದಂತೆ ಹಿಡಿಯುವ ಬಲ 500 ಕಿಲೋ ಮಾತ್ರ. 250 ತಳ್ಳಿದರೆ ನಿಲ್ಲುತ್ತದೆ, 850 ತಳ್ಳಿದರೆ? ಚಾಲಕ ಎಷ್ಟೇ ಜಾಣನಿರಲಿ, ನಿಧಾನ ಮಾಡಿದರೂ ಪಕ್ಕದ ಗಾಳಿಯ ತಳ್ಳು ಕಡಿಮೆಯಾಗದು.

ತಂಗಿ ಊಟಕ್ಕೆ ಕರೆದವರಿಗೆ ಫೋನು ಮಾಡಿ ಬರುವುದಿಲ್ಲವೆಂದಳು. ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿದೆವು. ಮುಂಭಾಗ ಪಕ್ಕದ ಗೋಡೆಯ ಮೂರನೆಯ ಒಂದು ಭಾಗ, ಅಷ್ಟೆ. ಸಂಜೆ ಹೆದ್ದಾರಿಯನ್ನೇ ಮುಚ್ಚಿದರು. ರಾತ್ರಿ ಒಲೆ ಹೊತ್ತಿಸಿ ಬಿಸಿ ಬಿಸಿ ಸಾರು. ನಮ್ಮೂರಿನ ಸಿಲಿಂಡರಾಗಿದ್ದರೆ ಒಲೆ ಸರಿಯಾಗಿ ಹತ್ತುತ್ತಿರಲಿಲ್ಲ. ಅದರಲ್ಲಿ ಬ್ಯೂಟೇನಿನ ಪಾಲು ಹೆಚ್ಚು, ಸೊನ್ನೆ ಡಿಗ್ರಿಗಿಂತ ಕೆಳಗೆ ಅದು ದ್ರವವಾಗಿಯೇ ಕೂರುತ್ತದೆ. ಅಲ್ಲಿಯದು ಪ್ರೊಪೇನ್, ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುವಂಥದು.

ಮರುದಿನ ಬೆಳಗ್ಗೆ ರಸ್ತೆ ತೆರೆಯಿತು. ಈ ಭಾಗದ ಹೆದ್ದಾರಿಗೆ ಒಂದು ಕಥೆಯಿದೆ. ಹಳೆಯ ರಸ್ತೆ ಬೆಟ್ಟವನ್ನು ಬಿಟ್ಟು ಉತ್ತರಕ್ಕೆ ಸುತ್ತಿ ಹೋಗುತ್ತಿತ್ತು. ದೂರ ಉಳಿಸಲೆಂದು ಎಲ್ಕ್ ಬೆಟ್ಟದ ಬಳಿ ಹೊಸ ದಾರಿ ಮಾಡಿದರು. ಅಲ್ಲಿ ಗಾಳಿ, ಹಿಮ ಜಾಸ್ತಿ ಎಂದು ಸ್ಥಳದವರು ಹೇಳಿದ್ದನ್ನು ಕೇಳಲಿಲ್ಲ. 1970ರ ಅಕ್ಟೋಬರಿನಲ್ಲಿ ತೆರೆದ ರಸ್ತೆ ಕೆಲವೇ ದಿನಗಳಲ್ಲಿ ಹಿಮದಿಂದ ಮುಚ್ಚಿಹೋಯಿತು. ಆಮೇಲೆ ಗಾಳಿ ಬರುವ ಕಡೆ ಉದ್ದಕ್ಕೂ ಹಲಗೆಯ ಬೇಲಿ ಹಾಕಿದರು. ಹಲಗೆಗಳ ನಡುವೆ ಸಂದಿ, ಅರ್ಧದಷ್ಟು ಬಯಲೇ. ಗಾಳಿಯ ವೇಗ ತಗ್ಗಿ, ಹೊತ್ತು ತಂದ ಹಿಮ ಬೇಲಿಯ ಹಿಂದೆ ಬೀಳುತ್ತದೆ. ಹೊಳೆಯ ನೀರು ನಿಧಾನವಾದಲ್ಲಿ ಮರಳು ಕೂರುವ ಹಾಗೆ. ಪೂರ್ತಿ ಮುಚ್ಚಿದ ಗೋಡೆಗಿಂತ ಈ ಸಂದಿಯ ಬೇಲಿಯೇ ಹೆಚ್ಚು ಹಿಮ ಹಿಡಿಯುತ್ತದೆ. ಬೇಲಿಯಿಂದ ರಸ್ತೆಗೆ ಅದರ ಎತ್ತರದ ಸುಮಾರು 35ರಷ್ಟು ದೂರ ಬಿಡಬೇಕು, ಇಲ್ಲವಾದರೆ ಆ ಗುಡ್ಡೆ ರಸ್ತೆಯ ಮೇಲೇ ಬೀಳುತ್ತದೆ.

ಬೇಲಿಗಳನ್ನು ನೋಡುತ್ತ ಹೋಗುವಾಗ, ಆರ್ಲಿಂಗ್ಟನ್ ಬಳಿ ಉದ್ದನೆಯ ಲಾರಿಯೊಂದು ಪಕ್ಕಕ್ಕೆ ಮಗುಚಿ ಮಲಗಿತ್ತು. ವಾಹನದೊಳಗೆ ಯಾರೂ ಮಾತಾಡಲಿಲ್ಲ.

ಆ ಕಾಗದ ನನ್ನ ಹತ್ತಿರವೇ ಇದೆ. ಜೂನಿನಲ್ಲಿ ತರಗತಿಗೆ ತೆಗೆದುಕೊಂಡು ಹೋಗಿ ಮಕ್ಕಳಿಗೆ ತೋರಿಸಿದೆ. ಕೊನೆಯ ಸಾಲಿನಲ್ಲಿ ಹುಡುಗ ಏಕಮಾನ ಬರೆದಿರಲಿಲ್ಲ. ಅರ್ಧ ಅಂಕ ಕಳೆದಿದ್ದೇನೆ.